ಕಂಬಳಿ ಹುಳು ಮುಟ್ಟಿದರೆ ಐದು ನಿಮಿಷದಲ್ಲಿ ಸಾವು? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಹತ್ತಿ ಎಲೆಯ ಮೇಲೆ ಮುಳ್ಳುಮುಳ್ಳಾದ ಒಂದು ಹುಳು. ಅದರ ಜೊತೆಗೆ ಹೊಲದಲ್ಲಿ ಸತ್ತು ಬಿದ್ದ ಇಬ್ಬರ ಫೋಟೊ. ಈ ಹುಳು ಹಾವಿಗಿಂತ ವಿಷಕಾರಿ, ಕಚ್ಚಿದರೆ ಐದು ನಿಮಿಷದಲ್ಲಿ ಸಾವು ಖಚಿತ, ಎಲ್ಲ ರೈತರಿಗೂ ತಿಳಿಸಿ ಎಂಬ ಬರಹ. 2022ರ ಸೆಪ್ಟೆಂಬರ್‌ನಲ್ಲಿ ಈ ಸಂದೇಶ ಹಲವು ಭಾಷೆಗಳಲ್ಲಿ ವಾಟ್ಸ್‌ಆ್ಯಪ್ ತುಂಬ ಓಡಾಡಿತು. ಇಂಥ ಫಾರ್ವರ್ಡ್‌ಗಳಿಗೆ ಸಾವಿಲ್ಲ. ಒಂದು ವರ್ಷ ಸುಮ್ಮನಿದ್ದು, ಮಳೆ ಬಿದ್ದು ಹೊಲದಲ್ಲಿ ಹುಳು ಕಂಡ ಕೂಡಲೇ ಮತ್ತೆ ಗ್ರೂಪಿಗೆ ಬಂದು ಬೀಳುತ್ತವೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಇದನ್ನು ನಕ್ಕು ಬಿಡುವಂತಿಲ್ಲ. ಇಲ್ಲಿ ಶೇಂಗಾ, ಹತ್ತಿ, ಹೆಸರು, ಸೂರ್ಯಕಾಂತಿ ಹೊಲಗಳಲ್ಲಿ ಕಳೆ ತೆಗೆಯುವವರು, ಹತ್ತಿ ಬಿಡಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಬರಿಗೈಯಲ್ಲಿ ದುಡಿಯುವವರಿಗೆ ಮುಟ್ಟಿದರೆ ಸಾವು ಎಂದು ಹೇಳಿದರೆ ಏನಾಗುತ್ತದೆ? ಒಬ್ಬರು ಕೂಲಿ ಬಿಟ್ಟು ಮನೆಯಲ್ಲಿ ಕೂರುತ್ತಾರೆ. ಇನ್ನೊಬ್ಬರು ಹೆದರಿ, ಬೇಕೋ ಬೇಡವೋ, ಪಂಪು ಹೆಗಲಿಗೇರಿಸಿ ಎಣ್ಣೆ ಹೊಡೆಯಲು ಹೊರಡುತ್ತಾರೆ. ಎರಡರಲ್ಲೂ ನಷ್ಟ ನಿಜವಾದದ್ದು.

ಹಾಗಾದರೆ ಆ ಹುಳು ಯಾವುದು? ನಮ್ಮ ಹೊಲದಲ್ಲಿ ಕಾಣುವ ಕಂಬಳಿ ಹುಳು ಯಾವುದು? ಅದು ಎಷ್ಟು ಅಪಾಯ? ಒಂದೊಂದಾಗಿ ನೋಡೋಣ.

ಫೋಟೊಗಳ ಹಿಂದಿನ ಸತ್ಯ

ಮೊದಲು ಸತ್ತವರ ಫೋಟೊ. ಅದು ಮಹಾರಾಷ್ಟ್ರದ ಜಳಗಾವ್ ಜಿಲ್ಲೆಯ ಚಾಳೀಸಗಾವ್ ತಾಲ್ಲೂಕಿನದು. ಅಲ್ಲಿ ಹೊಲದಲ್ಲಿದ್ದಾಗ ಸಿಡಿಲು ಬಡಿದು ತಂದೆ-ಮಗ ಸತ್ತಿದ್ದರು. ಅವರ ಸಾವಿಗೂ ಹುಳಕ್ಕೂ ಸಂಬಂಧವೇ ಇಲ್ಲ. ಯಾರೋ ಎರಡು ಬೇರೆ ಬೇರೆ ಫೋಟೊ ಅಂಟಿಸಿ ಒಂದು ಕತೆ ಕಟ್ಟಿದರು.

ಇನ್ನು ಹುಳು. ಅದು ಲಿಮಕೋಡಿಡೆ ಎಂಬ ಕುಟುಂಬದ ಪತಂಗದ ಮರಿ. ಇದರ ಕಾಲುಗಳು ಕಣ್ಣಿಗೆ ಕಾಣುವುದಿಲ್ಲ. ಗೊಂಡೆಹುಳುವಿನ ಹಾಗೆ ಎಲೆಯ ಮೇಲೆ ಜಾರಿಕೊಂಡು ಹೋಗುತ್ತದೆ. ಮೈಮೇಲಿನ ಮುಳ್ಳುಗಳು ಟೊಳ್ಳು, ಒಳಗೆ ವಿಷ ಇರುತ್ತದೆ. ತಾಗಿದರೆ ಬೆಂಕಿ ಇಟ್ಟಂತೆ ಉರಿಯುತ್ತದೆ, ಚರ್ಮ ಕೆಂಪಗಾಗಿ ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಕಡಿಮೆಯಾಗುತ್ತದೆ. ತೆಂಗು, ಮಾವು, ಔಡಲ ಗಿಡಗಳಲ್ಲಿ ಕಾಣುವ, ಹಸಿರು ಮೈಗೆ ನೀಲಿ ಗೆರೆ ಇರುವ ಚುಚ್ಚುವ ಹುಳು ಇದೇ ಕುಟುಂಬದ್ದು. ಹೊಸದಾಗಿ ಬಂದದ್ದಲ್ಲ. ನಮ್ಮ ಅಜ್ಜಂದಿರಿಗೂ ಚುಚ್ಚಿದೆ.

ಇನ್ನೊಂದು ಮಾತು: ಈ ಹುಳುಗಳು ಕಚ್ಚುವುದಿಲ್ಲ. ಅವುಗಳ ಬಾಯಿ ಇರುವುದು ಎಲೆ ತಿನ್ನಲು. ತೊಂದರೆ ಕೊಡುವುದು ಮೈಮೇಲಿನ ಮುಳ್ಳು ಅಥವಾ ಕೂದಲು. ಆದ್ದರಿಂದ ಹುಳು ಕಚ್ಚಿ ಸತ್ತರು ಎಂಬ ಸಾಲು ಕಂಡರೆ ಅಲ್ಲೇ ಅನುಮಾನಪಡಿ.

ಕೊಲ್ಲುವ ಹುಳು ಲೋಕದಲ್ಲಿ ಎಲ್ಲೂ ಇಲ್ಲವೇ?

ಇದೆ. ದಕ್ಷಿಣ ಅಮೆರಿಕದಲ್ಲಿ ಲೋನೋಮಿಯಾ ಎಂಬ ಪತಂಗದ ಹುಳುಗಳಿವೆ. ಅವು ಮರದ ಕಾಂಡದ ಮೇಲೆ ರಾಶಿಯಾಗಿ ಕೂತಿರುತ್ತವೆ. ನೋಡದೆ ಕೈ ಊರಿ ಹಲವು ಹುಳುಗಳ ಮುಳ್ಳು ಒಟ್ಟಿಗೆ ಚುಚ್ಚಿದರೆ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟು, ದೇಹದೊಳಗೆ ರಕ್ತಸ್ರಾವವಾಗಿ ಸಾಯುವವರೂ ಇದ್ದಾರೆ. ಬ್ರೆಜಿಲ್‌ನ ಬುಟಾಂಟನ್ ಸಂಸ್ಥೆ ಇದಕ್ಕೆ ಪ್ರತಿವಿಷ ತಯಾರಿಸುತ್ತದೆ. ಆದರೆ ಅದು ಕೂಡ ಐದು ನಿಮಿಷದಲ್ಲಿ ಕೊಲ್ಲುವುದಿಲ್ಲ. ಮತ್ತು ಲೋನೋಮಿಯಾ ಭಾರತದಲ್ಲಿ ಇಲ್ಲ.

ಇಲ್ಲೊಂದು ಹೆಸರಿನ ಗೊಂದಲ ಇದೆ. ಬ್ರೆಜಿಲ್‌ನ ಆ ಅಪಾಯಕಾರಿ ಹುಳುವಿನ ವೈಜ್ಞಾನಿಕ ಹೆಸರು ಲೋನೋಮಿಯಾ ಒಬ್ಲಿಕ್ವಾ. ನಮ್ಮ ಸೂರ್ಯಕಾಂತಿ, ಹೆಸರು ತಿನ್ನುವ ಕಂಬಳಿ ಹುಳುವಿನ ಹೆಸರು ಸ್ಪಿಲಾರ್ಕ್ಟಿಯಾ ಒಬ್ಲಿಕ್ವಾ. ಎರಡಕ್ಕೂ 1855ರಲ್ಲಿ ಹೆಸರಿಟ್ಟದ್ದು ಇಂಗ್ಲೆಂಡಿನ ಫ್ರಾನ್ಸಿಸ್ ವಾಕರ್ ಎಂಬ ಒಬ್ಬರೇ ಕೀಟತಜ್ಞರು. ಒಬ್ಲಿಕ್ವಾ ಅಂದರೆ ಲ್ಯಾಟಿನ್‌ನಲ್ಲಿ ಓರೆಯಾದದ್ದು ಎಂದಷ್ಟೇ ಅರ್ಥ. ಊರಲ್ಲಿ ಇಬ್ಬರು ಬಸವರಾಜರು ಇದ್ದರೆ ಅಣ್ಣತಮ್ಮಂದಿರಾಗಬೇಕಿಲ್ಲವಲ್ಲ, ಹಾಗೆ. ಆದರೆ ಗೂಗಲ್‌ನಲ್ಲಿ ಅರ್ಧ ಹೆಸರು ಹುಡುಕಿದವರಿಗೆ ನಮ್ಮ ಹುಳುವಿನ ಜಾಗದಲ್ಲಿ ಬ್ರೆಜಿಲ್‌ನ ಹುಳು ಸಿಗಬಹುದು. ಹುಳುವಿನ ಪೂರ್ತಿ ಹೆಸರು ಮುಖ್ಯ ಎನ್ನುವುದು ಇದಕ್ಕೇ.

ಒಂದೇ ಹೆಸರು, ನಾಲ್ಕು ಗುಂಪು

ಕಂಬಳಿ ಹುಳು ಎನ್ನುವುದು ಒಂದು ಜಾತಿಯ ಹೆಸರಲ್ಲ. ಮೈತುಂಬ ಕೂದಲು ಅಥವಾ ಮುಳ್ಳು ಇದ್ದರೆ ನಾವು ಎಲ್ಲವನ್ನೂ ಹಾಗೇ ಕರೆಯುತ್ತೇವೆ. ಆದರೆ ಅದರೊಳಗೆ ಕನಿಷ್ಠ ನಾಲ್ಕು ಗುಂಪುಗಳಿವೆ.

1. ಚುಚ್ಚುವ ಹುಳುಗಳು: ಮೇಲೆ ಹೇಳಿದ ಲಿಮಕೋಡಿಡೆ. ಉದ್ದ ಕೂದಲಿಲ್ಲ, ಗಟ್ಟಿ ಮುಳ್ಳಿನ ಗೊಂಚಲು. ತಾಗಿದ ಕೂಡಲೇ ಉರಿ.

2. ಕುಚ್ಚಿನ ಹುಳುಗಳು: ಬೆನ್ನಿನ ಮೇಲೆ ಬ್ರಷ್ ಹಾಗೆ ಕುಚ್ಚು ಕುಚ್ಚಾಗಿ ಕೂದಲು. ಔಡಲ, ತೊಗರಿಯಲ್ಲಿ ಕಾಣುತ್ತವೆ. ಸಣ್ಣ ಕೂದಲು ಮುರಿದು ಚರ್ಮದಲ್ಲಿ ಸಿಕ್ಕಿಕೊಂಡು ಜೋರಾಗಿ ತುರಿಸುತ್ತದೆ.

3. ನುಗ್ಗೆ ಹುಳುಗಳು: ಹಗಲು ನುಗ್ಗೆ ಮರದ ಕಾಂಡಕ್ಕೆ ಕಂಬಳಿ ಹೊದಿಸಿದಂತೆ ರಾಶಿಯಾಗಿ ಅಂಟಿಕೊಳ್ಳುವವು. ಇವೂ ತುರಿಕೆ ತರುತ್ತವೆ.

4. ಹುಲಿ ಪತಂಗದ ಮರಿಗಳು: ಮೈಮೇಲೆಲ್ಲ ಉದ್ದನೆಯ, ದಟ್ಟ ಕೂದಲು. ಮುಟ್ಟಿದರೆ ಸುರುಟಿಕೊಳ್ಳುವುದು, ನೆಲದ ಮೇಲೆ ಸರಸರ ಓಡುವುದು ಇವುಗಳ ಗುಣ.

ನಮ್ಮ ಹೊಲದ ಬೆಳೆಗಳಿಗೆ ದಂಡೆತ್ತಿ ಬರುವ ಕಂಬಳಿ ಹುಳುಗಳು ಹೆಚ್ಚಾಗಿ ಈ ನಾಲ್ಕನೆಯ ಗುಂಪಿನವು. ನೋಡಲು ನಾಲ್ಕರಲ್ಲೂ ಹೆಚ್ಚು ರೋಮ ಇರುವುದು ಇವಕ್ಕೇ. ಆದರೆ ಇವುಗಳ ಕೂದಲಿನಲ್ಲಿ ಲಿಮಕೋಡಿಡೆ ಮುಳ್ಳಿನಂತೆ ವಿಷ ತುಂಬಿರುವುದಿಲ್ಲ. ಮೃದು ಚರ್ಮಕ್ಕೆ ತಾಗಿದರೆ ತುರಿಕೆ, ಗಂಧೆ ಬರಬಹುದು, ಅಷ್ಟೇ. ಇವುಗಳ ನಿಜವಾದ ಹೊಡೆತ ಬೆಳೆಗೆ, ಜೀವಕ್ಕಲ್ಲ.

ಹುಲಿಯೂ ಕರಡಿಯೂ ಕಂಬಳಿಯೂ

ಬೆಳೆದು ರೆಕ್ಕೆ ಬಂದ ಮೇಲೆ ಈ ಪತಂಗಗಳಲ್ಲಿ ಹಲವಕ್ಕೆ ಪಟ್ಟೆ, ಚುಕ್ಕೆ, ಎದ್ದು ಕಾಣುವ ಬಣ್ಣ. ಅದಕ್ಕೆ ಇಂಗ್ಲಿಷರು ಹುಲಿ ಪತಂಗ ಎಂದರು. ವೈಜ್ಞಾನಿಕ ಹೆಸರು ಆರ್ಕ್ಟೀನೆ. ಅದು ಕರಡಿ ಎಂಬ ಗ್ರೀಕ್ ಪದದಿಂದ ಬಂದದ್ದು, ಮರಿಹುಳುವಿನ ಕೂದಲು ನೋಡಿ ಇಟ್ಟದ್ದು. ಅವರಿಗೆ ಕರಡಿ ಕಂಡಿತು, ನಮಗೆ ಕುರುಬರ ಕಂಬಳಿ ಕಂಡಿತು.

ಲೋಕದಲ್ಲಿ ಹುಲಿ ಪತಂಗಗಳ ಸುಮಾರು 11,000 ಜಾತಿಗಳಿವೆ. ಬ್ರಿಟಿಷರ ಕಾಲದಲ್ಲಿ ಜಾರ್ಜ್ ಹ್ಯಾಂಪ್ಸನ್ ಎಂಬವರು 1892ರಿಂದ 1896ರ ನಡುವೆ ಭಾರತದ ಪತಂಗಗಳ ಬಗ್ಗೆ ನಾಲ್ಕು ಸಂಪುಟ ಬರೆದರು. ಆಗ ಹುಲಿ ಪತಂಗಗಳದ್ದು ಪ್ರತ್ಯೇಕ ಕುಟುಂಬ, ಹೆಸರು ಆರ್ಕ್ಟಿಡೆ. ಈಚೆಗೆ ಡಿಎನ್ಎ ಹೋಲಿಸಿ ನೋಡಿದಾಗ ಅವು ಎರೆಬಿಡೆ ಎಂಬ ದೊಡ್ಡ ಕುಟುಂಬದ ಒಂದು ಕವಲು ಎಂದು ಗೊತ್ತಾಯಿತು. ಹಾಗಾಗಿ ಈಗ ಆರ್ಕ್ಟೀನೆ ಒಂದು ಉಪಕುಟುಂಬ. ಕುಚ್ಚಿನ ಹುಳುಗಳೂ ಅದೇ ಎರೆಬಿಡೆಯ ಇನ್ನೊಂದು ಕವಲು. ದಾಯಾದಿಗಳು ಅನ್ನಿ.

ಇದರಿಂದ ರೈತರಿಗೇನು? ಹಳೆಯ ಕೃಷಿ ಪುಸ್ತಕದಲ್ಲಿ ಡಯಾಕ್ರಿಸಿಯಾ ಒಬ್ಲಿಕ್ವಾ, ಆಮೇಲಿನದರಲ್ಲಿ ಸ್ಪಿಲೋಸೋಮಾ ಒಬ್ಲಿಕ್ವಾ, ಈಗ ಸ್ಪಿಲಾರ್ಕ್ಟಿಯಾ ಒಬ್ಲಿಕ್ವಾ ಎಂದು ಓದಿದರೆ ಮೂರು ಹುಳು ಎಂದುಕೊಳ್ಳಬೇಡಿ. ಹುಳು ಒಂದೇ. ಹೆಸರು ಬದಲಾದದ್ದನ್ನೇ ಹೊಸ ಕೀಟ ಬಂತು ಎಂದು ಹೇಳಿ ಹೊಸ ಔಷಧ ಮಾರಲು ಬಂದರೆ ಎಚ್ಚರ.

ನಮ್ಮ ಸೀಮೆಯಲ್ಲಿ ಯಾವುದು ಎಲ್ಲಿ?

ಗದಗ ಜಿಲ್ಲೆಯ ನೆಲ ಒಂದೇ ತೆರನಲ್ಲ. ಗದಗ, ರೋಣ, ನರಗುಂದದ ಕಡೆ ಹೆಚ್ಚು ಎರೆ ಭೂಮಿ. ಕಪ್ಪತಗುಡ್ಡದ ಸೆರಗಿನ ಶಿರಹಟ್ಟಿ, ಮುಂಡರಗಿ ಕಡೆ ಸಾಕಷ್ಟು ಮಸಾರಿ. ನೆಲ ಬದಲಾದರೆ ಬೆಳೆ ಬದಲಾಗುತ್ತದೆ, ಬೆಳೆ ಬದಲಾದರೆ ಹುಳು ಬದಲಾಗುತ್ತದೆ.

ಕೆಂಪು ತಲೆ ಕಂಬಳಿ ಹುಳು: ದಕ್ಷಿಣ ಭಾರತದ ಒಣಬೇಸಾಯದ ಮಸಾರಿ ನೆಲದಲ್ಲಿ ಶೇಂಗಾಕ್ಕೆ ದೊಡ್ಡ ಶತ್ರು. ವೈಜ್ಞಾನಿಕ ಹೆಸರು ಆಮ್ಸಾಕ್ಟಾ ಅಲ್ಬಿಸ್ಟ್ರೈಗಾ. ಇದರ ಜೀವನ ಮಳೆಯ ಲೆಕ್ಕದಲ್ಲೇ ನಡೆಯುತ್ತದೆ. ವರ್ಷದಲ್ಲಿ 9-10 ತಿಂಗಳು ಕೋಶವಾಗಿ ಮಣ್ಣಿನೊಳಗೆ, ಒಡ್ಡಿನ ಬದಿ, ಮರದ ಬುಡದಲ್ಲಿ ನಿದ್ದೆ. ಮುಂಗಾರಿನ ಮೊದಲ ಜೋರು ಮಳೆ ನೆಲ ತೋಯಿಸಿದ ಕೆಲವೇ ದಿನಗಳಲ್ಲಿ ಪತಂಗಗಳು ಒಟ್ಟೊಟ್ಟಿಗೆ ಹೊರಬೀಳುತ್ತವೆ. ಬಿಳಿ ರೆಕ್ಕೆಯ ಮೇಲೆ ಕಂದು ಗೆರೆ, ಮುಂದಿನ ಅಂಚಿಗೆ ಹಳದಿ ಪಟ್ಟಿ. ಹೆಣ್ಣು ಪತಂಗ ಎಲೆಯ ಮೇಲೆ ನೂರಾರು ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಮರಿಗಳು ಬೆಳೆದ ಮೇಲೆ ಒಂದು ಹೊಲ ಬೋಳು ಮಾಡಿ, ಮುಂದಿನ ಹೊಲಕ್ಕೆ ದಂಡಾಗಿ ನಡೆದು ಹೋಗುತ್ತವೆ. ಮಳೆಯ ಜೊತೆಗೇ ಹುಳು ಉದುರಿತು ಎಂಬ ಮಾತು ಹುಟ್ಟುವುದು ಇದರಿಂದಲೇ. ಆಕಾಶದಿಂದ ಬಿದ್ದದ್ದಲ್ಲ, ನೆಲದಿಂದ ಎದ್ದದ್ದು.

ಬಿಹಾರಿ ಕಂಬಳಿ ಹುಳು: ಇದೇ ಮೂರು ಹೆಸರಿನ ಒಬ್ಲಿಕ್ವಾ. ಹೆಸರಲ್ಲಿ ಬಿಹಾರ ಇದ್ದರೂ ದೇಶದ ಉದ್ದಗಲಕ್ಕೂ ಇದೆ. ಸೂರ್ಯಕಾಂತಿ, ಹೆಸರು, ಅಲಸಂದಿ, ಎಳ್ಳು, ಸೋಯಾ, ಎಲ್ಲವೂ ಆಗುತ್ತದೆ. ಸಣ್ಣ ಮರಿಗಳು ಒಂದೇ ಎಲೆಯ ಅಡಿ ಗುಂಪಾಗಿದ್ದು ಹಸಿರನ್ನು ಕೆರೆದು ತಿನ್ನುತ್ತವೆ, ಎಲೆ ಒಣ ಜರಡಿಯಂತೆ ಕಾಣುತ್ತದೆ. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಜರಡಿ ಎಲೆ ಕಂಡ ದಿನವೇ ಕಿತ್ತು ನಾಶ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಸೆಣಬಿನ ಪತಂಗಗಳು: ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬು, ಒಣಗಿದ ಕಾಯಿ ಅಲ್ಲಾಡಿಸಿದರೆ ಗೆಜ್ಜೆಯಂತೆ ಸದ್ದು ಮಾಡುವ ಅದರ ಕಾಡು ಬಳಗ, ಇವು ಯುಟೆಥೀಸಾ ಮತ್ತು ಆರ್ಜಿನಾ ಪತಂಗಗಳ ಮನೆ. ಒಂದಕ್ಕೆ ಕೆನೆ ಬಣ್ಣದ ರೆಕ್ಕೆಯಲ್ಲಿ ಕೆಂಪು-ಕಪ್ಪು ಚುಕ್ಕೆ, ಇನ್ನೊಂದಕ್ಕೆ ಕಿತ್ತಳೆ ರೆಕ್ಕೆಯಲ್ಲಿ ಕಪ್ಪು ಚುಕ್ಕೆ. ಹಗಲಲ್ಲೂ ಹಾರಾಡುವುದರಿಂದ ಜನ ಚಿಟ್ಟೆ ಎಂದುಕೊಳ್ಳುತ್ತಾರೆ. ಈ ಗಿಡಗಳಲ್ಲಿ ಕಹಿ ವಿಷವೊಂದಿದೆ. ಮರಿಹುಳು ಅದನ್ನು ತಿಂದು ಮೈಯಲ್ಲಿ ಕೂಡಿಡುತ್ತದೆ. ಅದರ ಬಣ್ಣ ಹಕ್ಕಿಗಳಿಗೆ ನೀಡುವ ಎಚ್ಚರಿಕೆ: ನನ್ನನ್ನು ತಿಂದರೆ ನಿನಗೇ ಕಷ್ಟ.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ತಿಂದರೆ ವಿಷ ಬೇರೆ, ಚುಚ್ಚಿದರೆ ವಿಷ ಬೇರೆ. ಸೆಣಬಿನ ಪತಂಗ ಮೊದಲನೆಯದು. ಅದು ನಿಮ್ಮ ಕೈಮೇಲೆ ಕೂತರೆ ಏನೂ ಆಗುವುದಿಲ್ಲ. ವಿಷಕಾರಿ ಪತಂಗ ಎಂಬ ಎರಡೇ ಪದ ಹಿಡಿದು ಹೆದರಿಸುವ ಪೋಸ್ಟ್‌ಗಳು ಈ ವ್ಯತ್ಯಾಸವನ್ನು ಹೇಳುವುದಿಲ್ಲ.

ಕಣಜದಂತೆ ಕಾಣುವವು: ಕಪ್ಪು ರೆಕ್ಕೆಯಲ್ಲಿ ಗಾಜಿನಂಥ ಕಿಂಡಿ, ಹೊಟ್ಟೆಗೆ ಹಳದಿ ಪಟ್ಟೆ. ಅಮಾಟಾ ಎಂಬ ಇವೂ ಹುಲಿ ಪತಂಗಗಳೇ. ಕಣಜದ ವೇಷ ಹಾಕಿ ವೈರಿಗಳನ್ನು ಹೆದರಿಸುತ್ತವೆ. ಕೊಂಡಿ ಇಲ್ಲ, ಕುಟುಕುವುದಿಲ್ಲ.

ನಾಲ್ಕು ಬಾಲದ ಭೂತ: 2017ರಲ್ಲಿ ಇಂಡೊನೇಷ್ಯಾದಿಂದ ಬಂದ ವಿಡಿಯೊ ಒಂದು ಲೋಕವನ್ನೇ ಸುತ್ತಿತು. ಪತಂಗದ ಹಿಂಭಾಗದಿಂದ ಕೂದಲು ತುಂಬಿದ ನಾಲ್ಕು ಕೊಳವೆಗಳು ಉಬ್ಬಿ ಹೊರಬರುತ್ತಿದ್ದವು. ಅನ್ಯಗ್ರಹದ ಜೀವಿ ಎಂದವರೂ ಇದ್ದರು. ಅದು ಕ್ರಿಯಾಟೋನೋಟಸ್ ಗ್ಯಾಂಜಿಸ್ ಎಂಬ ಹುಲಿ ಪತಂಗದ ಗಂಡು. ಹೆಣ್ಣನ್ನು ಕರೆಯಲು ಗಾಳಿಗೆ ವಾಸನೆ ಬಿಡುವ ಅಂಗ ಅದು. ಮರಿಯಿದ್ದಾಗ ಸೆಣಬಿನಂಥ ಗಿಡಗಳ ಕಹಿ ಸಾರ ಎಷ್ಟು ತಿಂದಿತ್ತೋ ಅದರ ಮೇಲೆ ಆ ಅಂಗದ ಗಾತ್ರ ನಿಂತಿದೆ. ಈ ಜಾತಿ ಭಾರತದಲ್ಲೂ ಇದೆ. ಮಳೆಗಾಲದ ರಾತ್ರಿ ನಿಮ್ಮ ಮನೆಯ ದೀಪಕ್ಕೆ ಬಂದರೆ ಹೆದರಬೇಡಿ.

ಹುಳು ಮೈಗೆ ತಾಗಿದರೆ ಏನು ಮಾಡಬೇಕು?

- ತಿಕ್ಕಬೇಡಿ. ತಿಕ್ಕಿದಷ್ಟೂ ಕೂದಲು ಒಳಗಿಳಿಯುತ್ತದೆ. ಕಂಬಳಿಯಿಂದ ಉಜ್ಜುವುದು, ಸುಣ್ಣ, ಸೀಮೆಎಣ್ಣೆ ಹಚ್ಚುವುದು ಬೇಡ.
- ಹುಳು ಇನ್ನೂ ಮೈಮೇಲಿದ್ದರೆ ಕೈಯಿಂದ ಹೊಡೆಯದೆ ಕಡ್ಡಿಯಿಂದ ತೆಗೆಯಿರಿ.
- ಅಂಟು ಟೇಪನ್ನು ತಾಗಿದ ಜಾಗಕ್ಕೆ ಮೆಲ್ಲಗೆ ಅಂಟಿಸಿ ಎತ್ತಿ. ಎರಡು ಮೂರು ಸಲ ಮಾಡಿದರೆ ಕೂದಲು ಟೇಪಿಗೆ ಬರುತ್ತದೆ.
- ಸೋಪು ನೀರಿನಲ್ಲಿ ತೊಳೆದು, ತಣ್ಣೀರ ಬಟ್ಟೆ ಇಡಿ. ತೊಟ್ಟ ಬಟ್ಟೆ ಬದಲಿಸಿ, ಒಗೆಯಿರಿ.
- ಕಣ್ಣಿಗೆ ಕೂದಲು ಬಿದ್ದರೆ ಉಜ್ಜಲೇಬೇಡಿ. ಶುದ್ಧ ನೀರಿನಿಂದ ತೊಳೆದು ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಕೂದಲು ಕಣ್ಣಿನೊಳಗೆ ಸರಿದರೆ ದೃಷ್ಟಿಗೆ ತೊಂದರೆಯಾಗಬಹುದು.
- ಮುಖ, ತುಟಿ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ, ತಲೆ ಸುತ್ತಿ ಬಿದ್ದರೆ ಅದು ಅಲರ್ಜಿ. ತಡ ಮಾಡದೆ 108ಕ್ಕೆ ಕರೆ ಮಾಡಿ. ಜೇನು ಕಡಿದಾಗ ಕೆಲವರಿಗೆ ಆಗುವಂಥದ್ದೇ ಇದು. ಅಪರೂಪ, ಆದರೆ ನಿರ್ಲಕ್ಷಿಸುವಂತಿಲ್ಲ.

ಹೊಲಕ್ಕೆ ಹೋಗುವಾಗ ತುಂಬು ತೋಳಿನ ಹಳೆಯ ಅಂಗಿ ತೊಟ್ಟರೆ ಇದರಲ್ಲಿ ಬಹುಪಾಲು ತಪ್ಪುತ್ತದೆ.

ಹುಳುವಿಗಿಂತ ದೊಡ್ಡ ಅಪಾಯ

ಹೊಲದಲ್ಲಿ ನಿಜವಾಗಿ ಜೀವ ತೆಗೆದ ಘಟನೆ ಬೇಕೆಂದರೆ ಬಹಳ ದೂರ ಹೋಗಬೇಕಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುವಾಗ ವಿಷ ಮೈಗೇರಿ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆಳೆತ್ತರ ಬೆಳೆದ ಹತ್ತಿ, ಮುಖಕ್ಕೆ ಮುಚ್ಚಿಕೊಳ್ಳಲು ಏನೂ ಇಲ್ಲ, ಎರಡು ಮೂರು ಔಷಧ ಬೆರೆಸಿ ಹೊಡೆಯುವ ಅವಸರ.

ಹುಳುವಿನ ಭಯ ಹುಟ್ಟಿಸುವ ಫಾರ್ವರ್ಡ್ ಅದೇ ಅವಸರವನ್ನು ಹುಟ್ಟಿಸುತ್ತದೆ. ಹುಳು ತಾಗಿದರೆ ತುರಿಕೆ. ಹೆದರಿ ಬರಿಮೈಯಲ್ಲಿ ಎಣ್ಣೆ ಹೊಡೆದರೆ ಪ್ರಾಣಕ್ಕೇ ಅಪಾಯ.

ಕಂಬಳಿ ಹುಳುವಿಗೆ ಖರ್ಚಿಲ್ಲದ ದಾರಿಗಳು ಬಹಳ ಇವೆ, ಅವು ಕೆಲಸ ಮಾಡುವುದು ಹುಳುವಿನ ಜೀವನಕ್ರಮ ಗೊತ್ತಿದ್ದರೆ ಮಾತ್ರ. ಕೋಶ ಮಣ್ಣಿನಲ್ಲಿ ಮಲಗುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಆಳವಾಗಿ ಉತ್ತರೆ ಅದು ಬಿಸಿಲಿಗೆ, ಹಕ್ಕಿಗಳಿಗೆ ಸಿಗುತ್ತದೆ. ಪತಂಗ ಬೆಳಕಿಗೆ ಬರುತ್ತದೆ, ಆದ್ದರಿಂದ ಮೊದಲ ಮಳೆಯ ನಂತರದ ರಾತ್ರಿಗಳಲ್ಲಿ ಊರವರೆಲ್ಲ ಸೇರಿ ದೀಪದ ಬಲೆ ಇಡಬಹುದು, ಬೆಂಕಿ ಹಾಕಬಹುದು. ಮೊಟ್ಟೆ ಗುಂಪಾಗಿರುತ್ತದೆ, ಆದ್ದರಿಂದ ಎಲೆ ಸಮೇತ ಕಿತ್ತು ಹಾಕಬಹುದು. ಬೆಳೆದ ಹುಳು ನೆಲದ ಮೇಲೆ ನಡೆದು ಬರುತ್ತದೆ, ಆದ್ದರಿಂದ ಹೊಲದ ಸುತ್ತ ಒಂದು ಅಡಿ ಆಳದ ಕಾಲುವೆ ತೋಡಿ ತಡೆಯಬಹುದು. ಎಕ್ಕೆ ಟೊಂಗೆಗಳನ್ನು ಅಲ್ಲಲ್ಲಿ ಹಾಕಿದರೆ ಹುಳು ಅದಕ್ಕೆ ಬಂದು ಸೇರುತ್ತದೆ, ಬೆಳಿಗ್ಗೆ ಆರಿಸಿ ನಾಶ ಮಾಡಬಹುದು. ಇವೆಲ್ಲ ಒಬ್ಬರ ಹೊಲದಲ್ಲಿ ಮಾಡಿದರೆ ಸಾಲದು, ಅಕ್ಕಪಕ್ಕದವರೂ ಕೈಜೋಡಿಸಬೇಕು.

ಮೈತುಂಬ ಉದ್ದ ಕೂದಲು ಬಂದು ದೊಡ್ಡದಾದ ಹುಳುವಿಗೆ ಔಷಧ ಸರಿಯಾಗಿ ತಾಗುವುದೂ ಇಲ್ಲ. ಹೊಡೆಯಲೇಬೇಕೆಂದರೆ ಯಾವುದು, ಎಷ್ಟು ಎಂದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ. ಕಿಸಾನ್ ಕಾಲ್ ಸೆಂಟರ್ ಸಂಖ್ಯೆ 1800-180-1551, ಕರೆ ಉಚಿತ.

ಮುಂದಿನ ಸಲ ಫೋಟೊ ಬಂದಾಗ

ಗ್ರೂಪಿಗೆ ಹುಳುವಿನ ಫೋಟೊ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಒಂದು, ಇದು ಯಾವ ಊರಿನ, ಯಾವ ದಿನದ ಫೋಟೊ? ಎರಡು, ಮೈಮೇಲಿರುವುದು ಉದ್ದ ಕೂದಲೋ, ಕುಚ್ಚೋ, ಮುಳ್ಳೋ? ಮೂರು, ಯಾವ ಗಿಡದ ಮೇಲಿತ್ತು? ನಾಲ್ಕು, ಸತ್ತರು ಎಂದಿದ್ದರೆ ಎಲ್ಲಿ, ಯಾರು, ಯಾವ ಆಸ್ಪತ್ರೆ? ಸುಳ್ಳು ಫಾರ್ವರ್ಡ್ ಸಾಮಾನ್ಯವಾಗಿ ಮೊದಲನೆಯ ಮತ್ತು ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ನಿಮ್ಮದೇ ಹೊಲದಲ್ಲಿ ಹುಳು ಕಂಡರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಯಿರಿ, ಗಿಡವೂ ಕಾಣುವಂತಿರಲಿ. ಅದನ್ನು ಕೃಷಿ ಅಧಿಕಾರಿಗೆ ಕಳಿಸಿ, ಅಥವಾ ಐ-ನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣಗಳಿಗೆ ಊರು, ದಿನಾಂಕದ ಜೊತೆ ಹಾಕಿ. ಗೊತ್ತಿದ್ದವರು ಹೆಸರು ಹೇಳುತ್ತಾರೆ. ಯಾವ ಜಾತಿ ಯಾವ ತಾಲ್ಲೂಕಿನಲ್ಲಿದೆ ಎಂಬ ಲೆಕ್ಕಕ್ಕೆ ನಿಮ್ಮ ಫೋಟೊ ಸೇರುತ್ತದೆ.

ಈ ಲೇಖನವನ್ನು ಫಾರ್ವರ್ಡ್ ಮಾಡುವುದಾದರೆ, ಮೊದಲು ನಿಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವವರಿಗೆ ಓದಿ ಹೇಳಿ. ಆ ಹಳೆಯ ಫೋಟೊ ನೋಡಿ ಹೆದರಿ ಕೂಲಿ ಬಿಡಬೇಕಾದವರು ಅವರೇ.